ಕರಿ ಹಲ್ಲಿನ ತಲೆ

ಬೆಳಗಿನ ಗಂಜಿಯಲ್ಲೂ ಅದೇ ವಾಸನೆ. ನವಣೆ ಗಂಜಿ, ಉಪ್ಪಿನಲ್ಲಿ ಹಾಕಿದ ಮೂಲಂಗಿ, ಮದುವೆಯಾಗಿ ಬಂದಾಗಿನಿಂದ ಉಣ್ಣುತ್ತಿರುವ ಅದೇ ಅರಗಿನ ಬಟ್ಟಲು. ಆದರೆ ಮೊದಲ ಗುಟುಕು ಗಂಟಲಿಗೆ ಇಳಿಯುವ ಮುಂಚೆಯೇ ತೋಕು ಬಟ್ಟಲನ್ನು ಕೆಳಗಿಟ್ಟಳು. ನಿನ್ನೆ ಸಂಜೆ ತೌಡು ಹಾಕಿ ಕೈಯನ್ನು ಮೂರು ಸಲ ತಿಕ್ಕಿದ್ದಳು, ಉಗುರಿನ ಸಂದಿಯನ್ನು ಬಿದಿರು ಕಡ್ಡಿಯಿಂದ ಕೆರೆದಿದ್ದಳು. ವಾಸನೆ ಕೈಯಲ್ಲಿಲ್ಲ, ಮೂಗಿನೊಳಗೇ ಬಿಡಾರ ಹೂಡಿದೆ ಎಂದು ಅವಳಿಗೆ ಗೊತ್ತಿತ್ತು. ಎದುರಿಗೆ ಅತ್ತೆ ಸುರ್ರೆಂದು ಗಂಜಿ ಹೀರುತ್ತಿದ್ದರು. ಎಪ್ಪತ್ತು ದಾಟಿದ ಆ ಬಾಯಿಗೆ ಕೋಟೆಯ ಕೆಳಗೆ ಯುದ್ಧವಾದರೂ ಅಷ್ಟೆ, ಮದುವೆಯಾದರೂ ಅಷ್ಟೆ, ರುಚಿ ಕೆಡುವುದಿಲ್ಲ. ಕಣ್ಣಿಗೆ ಪೊರೆ ಬಂದಿದ್ದರೂ ಸೊಸೆ ಬಟ್ಟಲನ್ನು ಕೆಳಗಿಟ್ಟದ್ದು ಮಾತ್ರ ಅವರಿಗೆ ಕಂಡಿತು. ತವರಿನವರ ನೆನಪಾಯಿತೋ ಏನೋ ಎಂದರು. ಹೊಳೆಯಾಚೆ ಬೀಡು ಬಿಟ್ಟಿದ್ದ ವೈರಿ ಬೇರೆ ಯಾರೂ ಅಲ್ಲ, ತೋಕುವಿನ ತವರುಮನೆ. ಹದಿನಾಲ್ಕು ವರ್ಷದ ಹಿಂದೆ ಎರಡು ಮನೆತನಗಳ ನಡುವೆ ಆದ ಒಪ್ಪಂದದ ಗುರುತಾಗಿ ಅವಳನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಈ ದಡಕ್ಕೆ ಕಳಿಸಿದ್ದರು. ಒಪ್ಪಂದ ಮುರಿದುಬಿತ್ತು. ಗುರುತು ಮಾತ್ರ ಇಲ್ಲೇ ಉಳಿದು ಗಂಜಿ ಕುಡಿಯುತ್ತಿದೆ.

ಅವಳು ಈ ಕೆಲಸಕ್ಕೆ ಕೂತದ್ದೂ ಅದಕ್ಕೇ. ಕೋಟೆಯಲ್ಲಿ ಹೆಂಗಸರ ಪಾಲಿಗೆ ಬರುವ ಕೆಲಸ ಅದು: ಗಂಡಸರು ಕಡಿದು ತಂದ ತಲೆಗಳನ್ನು ತೊಳೆಯುವುದು, ಕೂದಲು ಬಾಚಿ ಜುಟ್ಟು ಕಟ್ಟುವುದು, ಗಾಯಗಳಿಗೆ ಅಕ್ಕಿಹಿಟ್ಟು ಮೆತ್ತಿ ಮುಖಕ್ಕೆ ಒಂದು ಬಣ್ಣ ತರುವುದು, ದೊರೆಯ ಮುಂದೆ ಪರೀಕ್ಷೆಗೆ ಸಾಲಾಗಿ ಇಡುವಂತೆ ಮಾಡುವುದು. ವೈರಿಯ ಮನೆಯಿಂದ ಬಂದ ಸೊಸೆ ವೈರಿಗಳ ತಲೆಯನ್ನು ಮುಟ್ಟಲು ಹಿಂಜರಿದರೆ ಊರೇ ಆಡಿಕೊಳ್ಳುತ್ತದೆ ಎಂದು ಅತ್ತೆ ಮೊದಲ ಯುದ್ಧದ ದಿನವೇ ಅವಳ ಮುಂದೆ ಬೋಗುಣಿಯನ್ನು ಸರಿಸಿದ್ದರು. ಆ ದಿನ ತೋಕು ಬೋಗುಣಿಯಲ್ಲೇ ವಾಂತಿ ಮಾಡಿಕೊಂಡಳು. ಅತ್ತೆ ಬೇರೆ ನೀರು ತರಿಸಿದರು, ಅಷ್ಟೆ. ಈಗ ಐದು ವರ್ಷ. ತಾನು ಈ ಕೆಲಸದಲ್ಲಿ ಎಲ್ಲರನ್ನೂ ಮೀರಿಸಿದ್ದೇನೆ ಎಂಬುದು ತೋಕುವಿಗೆ ಗೊತ್ತಿತ್ತು. ಆ ಹೆಮ್ಮೆ ತನ್ನಲ್ಲಿ ಇದೆ ಎಂಬುದೂ ಗೊತ್ತಿತ್ತು. ತಲೆಗಳಿಗಿಂತ ಆ ಹೆಮ್ಮೆಯೇ ಅವಳಿಗೆ ಹೆಚ್ಚು ಹೇಸಿಗೆ ತರುತ್ತಿತ್ತು. ಅದರಲ್ಲೂ ಹಲ್ಲು. ದೊಡ್ಡ ಮನೆತನದ ಗಂಡಸರು ಹಲ್ಲಿಗೆ ಕಪ್ಪು ಬಳಿದುಕೊಳ್ಳುವುದು ಆ ಸೀಮೆಯ ರೂಢಿ. ಕಪ್ಪು ಹಲ್ಲಿದ್ದರೆ ಅದು ಸರದಾರನ ತಲೆ, ಬಿಳಿ ಹಲ್ಲಿದ್ದರೆ ಯಾವನೋ ಕಾಲಾಳಿನದು. ತಂದವನಿಗೆ ಸಿಗುವ ಪದವಿಯೂ ಅದಕ್ಕೆ ತಕ್ಕಂತೆ. ಹಾಗಾಗಿ ತೋಕುವಿನ ಹಿಂಬಾಗಿಲಿಗೆ ಒಣಗಿಸಿದ ಪರ್ಸಿಮನ್ ಹಣ್ಣು, ಒಣಮೀನಿನ ಕಟ್ಟು, ಹೊಸ ಬಾಚಣಿಗೆ ಬರತೊಡಗಿದವು. ನಮ್ಮ ಹುಡುಗ ತಂದ ತಲೆಗೂ ಒಂಚೂರು ಕಪ್ಪು ಮುಟ್ಟಿಸಿ ಅಮ್ಮಾವ್ರೆ ಎಂದು ಹೆಂಗಸರು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಸತ್ತವನಿಗೆ ಹಲ್ಲು ಕಪ್ಪಾದರೇನು, ಬಿಳಿಯಾದರೇನು ಎಂದುಕೊಂಡು ಅವಳು ಮುಟ್ಟಿಸುತ್ತಿದ್ದಳು. ಪರ್ಸಿಮನ್ ಸಿಹಿಯಾಗಿಯೇ ಇರುತ್ತಿತ್ತು.

ಉಗ್ರಾಣದ ಪಕ್ಕದ ಉದ್ದನೆಯ ಕೋಣೆಯಲ್ಲಿ ಅಂದು ಹನ್ನೊಂದು ತಲೆಗಳಿದ್ದವು. ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ದಾರಿಯಲ್ಲೂ ಹೊಳೆಯ ಅಂಚಿನಲ್ಲೂ ಕೈ ಕೈ ಮಿಲಾಯಿಸಿದ್ದರಂತೆ. ದಾಸಿ ಕಿಸಾ ಬಿಸಿನೀರು ಹೊತ್ತು ತಂದಳು, ಅತ್ತೆ ಮೂಲೆಯಲ್ಲಿ ಕೂತು ಧೂಪ ಹಾಕಿದರು. ಒಲೆಯ ಪಕ್ಕದ ಗಡಿಗೆಯಲ್ಲಿ ತುಕ್ಕು ಮೊಳೆ, ಹಳಸಿದ ಚಹಾ, ಅಕ್ಕಿಯ ಮದ್ಯ ಎಲ್ಲ ಸೇರಿ ಎರಡು ತಿಂಗಳು ಕೊಳೆತ ಕಬ್ಬಿಣದ ನೀರು ಗುಳ್ಳೆ ಬಿಡುತ್ತಿತ್ತು. ಅದನ್ನು ಒಂದು ಸಲ, ಮಾಚಿಕಾಯಿ ಪುಡಿಯನ್ನು ಒಂದು ಸಲ, ಹೀಗೆ ಒಂದರ ಮೇಲೊಂದು ಬಳಿದರೆ ಹಲ್ಲು ಕಪ್ಪಾಗುತ್ತದೆ. ಅವಳ ಹದಿಮೂರನೆಯ ವಯಸ್ಸಿನಲ್ಲಿ ಅಮ್ಮ ಮೊದಲ ಸಲ ಅವಳ ಹಲ್ಲಿಗೆ ಕಪ್ಪು ಬಳಿದಾಗ ತಂಗಿ ಪಕ್ಕದಲ್ಲಿ ಕೂತು ಮೂಗು ಮುಚ್ಚಿಕೊಂಡು ನಕ್ಕಿದ್ದಳು. ಬಾಯಿ ಮುಚ್ಚಬೇಡ, ಒಣಗುವವರೆಗೆ ಮಾತಾಡಬೇಡ, ಈಗ ನೀನು ಹೆಂಗಸಾದೆ ಎಂದು ಅಮ್ಮ ಹೇಳಿದ್ದಳು. ಮಾತಾಡದಿರುವುದೇ ಹೆಂಗಸಾಗುವುದು ಎಂದು ತೋಕು ಆಗ ಅರ್ಥ ಮಾಡಿಕೊಂಡಿರಲಿಲ್ಲ. ಕಿಸಾ ಪುಡಿಯ ಡಬ್ಬಿಯನ್ನು ತಟ್ಟಿ ತೋರಿಸಿ, ಇದು ಮುಗೀತಾ ಬಂತು, ಪುಡಿ ಮಾರುವ ಗೋಸಕು ಇನ್ನೂ ಬರಲಿಲ್ಲ ಎಂದಳು. ಯುದ್ಧ ಬಂತು, ತಲೆಗಳು ಹೆಚ್ಚುತ್ತವೆ, ಪುಡಿ ಸಾಲದು, ಹೇಗಾದರೂ ಮಾಡಿ ನಾಡಿದ್ದು ಬೆಳಗಿನೊಳಗೆ ತಂದು ಮುಟ್ಟಿಸು ಎಂದು ಮೊನ್ನೆ ಅವನಿಗೆ ಹೇಳಿ ಕಳಿಸಿದ್ದವಳು ತೋಕುವೇ.

ಹತ್ತನೆಯ ತಲೆ ಮುಗಿಯುವ ಹೊತ್ತಿಗೆ ಅತ್ತೆ ಧೂಪದ ಬಟ್ಟಲನ್ನು ಬದಿಗಿಟ್ಟು, ಇನ್ನೊಂದು ನಮ್ಮ ಯಸುನೋರಿ ತಂದದ್ದು ಎಂದರು. ಆ ಮಾತು ಹೇಳಲು ಅವರು ಬೆಳಗಿನಿಂದ ಕಾದಿದ್ದರು ಎಂಬುದು ದನಿಯಲ್ಲೇ ಕಂಡಿತು. ಯಸುನೋರಿ ಎಂದರೆ ತೋಕುವಿನ ಗಂಡ. ಮೂವತ್ತೆಂಟು ವರ್ಷ. ಅಪ್ಪನ ಕಾಲದ ಕವಚ, ಅಜ್ಜನ ಕಾಲದ ಕತ್ತಿ, ಇವನ ಕಾಲದ್ದು ಎನ್ನಲು ಒಂದು ತಲೆಯೂ ಇರಲಿಲ್ಲ. ಪ್ರತಿ ಯುದ್ಧದಲ್ಲೂ ಅವನ ಕುದುರೆ ಕುಂಟುತ್ತಿತ್ತು, ಇಲ್ಲವೇ ಸೊಂಟ ಹಿಡಿಯುತ್ತಿತ್ತು. ಜೊತೆಯವರು ಅವನನ್ನು ಸೊಂಟ ನೋವಿನ ಸಾಹೇಬರು ಎನ್ನುತ್ತಿದ್ದರು, ಅದು ಕಿಸಾಳ ಬಾಯಿಂದ ತೋಕುವಿನ ಕಿವಿಗೂ ಬಿದ್ದಿತ್ತು. ಕಳೆದ ವರ್ಷ ಮಗಳು ಚಿಯೊಳ ನಿಶ್ಚಿತಾರ್ಥದ ಊಟದಲ್ಲಿ ಬೀಗರು ಅವನನ್ನು ಬಾಗಿಲ ಬಳಿ, ಚಪ್ಪಲಿ ಬಿಡುವ ಕಡೆ ಕೂರಿಸಿದಾಗ ಅವನು ನಗುತ್ತಲೇ ಉಂಡೆದ್ದಿದ್ದ. ಆ ನಗುವನ್ನು ತೋಕು ಮರೆತಿರಲಿಲ್ಲ. ಅವನು ಹೇಡಿ ಎಂಬುದು ಅವಳಿಗೆ ಅಸಹ್ಯವಾಗಿರಲಿಲ್ಲ. ಹೇಡಿಯಾಗಿಯೇ ಇದ್ದಿದ್ದರೆ ಅವನನ್ನು ಪ್ರೀತಿಸಬಹುದಿತ್ತೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದಳು.

ಬಟ್ಟೆ ಬಿಚ್ಚಿದಳು. ಜುಟ್ಟು ಆಗಲೇ ಕಟ್ಟಿತ್ತು, ಸರದಾರರ ಹಾಗೆ ನೆತ್ತಿ ಬೋಳಿಸಿತ್ತು. ಐದು ವರ್ಷ ತಲೆಗಳ ಜೊತೆ ಕಳೆದ ಬೆರಳುಗಳಿಗೆ ಕಣ್ಣಿಗಿಂತ ಬೇಗ ತಿಳಿಯುತ್ತದೆ. ನೆತ್ತಿಯ ಚರ್ಮ ಎಳೆ ಮೂಲಂಗಿಯ ಹಾಗೆ ಬೆಳ್ಳಗಿತ್ತು, ಕೆಳಗೆ ಹಣೆ ಬಿಸಿಲಿಗೆ ಸುಟ್ಟು ಕಂದಿತ್ತು. ಕ್ಷೌರದ ಕತ್ತಿ ತಗಲಿದ ಎರಡು ಮೂರು ಗೀರುಗಳಿದ್ದವು, ಯಾವುದರಲ್ಲೂ ರಕ್ತವಿರಲಿಲ್ಲ. ಬದುಕಿರುವವನ ತಲೆ ಬೋಳಿಸುವಾಗ ಗೀರಿದರೆ ರಕ್ತ ಬರುತ್ತದೆ. ಗದ್ದದ ಕೆಳಗೆ ಶಿರಸ್ತ್ರಾಣದ ದಾರ ಉಜ್ಜಿದ ಗುರುತಿಲ್ಲ. ಕಿವಿಯ ಹಾಲೆ ಎರಡಾಗಿ ಸೀಳಿತ್ತು. ಹುಬ್ಬಿನ ಕೂದಲಲ್ಲಿ, ಮೂಗಿನ ಹೊಳ್ಳೆಯೊಳಗೆ, ಕಂದು ಬಣ್ಣದ ನುಣ್ಣನೆಯ ಪುಡಿ ಕೂತಿತ್ತು. ತೋಕು ಬೆರಳ ತುದಿಯಿಂದ ಅದನ್ನು ತೆಗೆದು ನೋಡಿದಳು, ಮೂಸಿದಳು. ಮತ್ತೆ ಮೂಸಿದಳು. ಮಾಚಿಕಾಯಿ. ಸಣ್ಣವನಿದ್ದಾಗ ಕಿವಿಗೆ ಕೋತಿ ಕಚ್ಚಿತು ಎನ್ನುತ್ತಿದ್ದ ಗೋಸಕು. ಇನ್ನೊಂದು ಸಲ ಬಂದಾಗ ಅದು ಕೋತಿಯಲ್ಲ, ಮಾವ ಎನ್ನುತ್ತಿದ್ದ. ಮತ್ತೊಂದು ಸಲ, ಹೆಂಡತಿಯೇ ಅಮ್ಮಾವ್ರೆ, ಹಸಿವಾಗಿತ್ತಂತೆ ಎನ್ನುತ್ತಿದ್ದ. ಕಿಸಾ ನಗುವನ್ನು ತಡೆಯಲಾರದೆ ಅಡುಗೆಮನೆಗೆ ಓಡುತ್ತಿದ್ದಳು. ಮಾಚಿಕಾಯಿ ಒಳ್ಳೆಯದೋ ಹುಳುಕೋ ಎಂದು ತೋರಿಸಲು ಅವನು ಅದನ್ನು ಮುಂಬಲ್ಲಲ್ಲಿ ಕಚ್ಚಿ ಒಡೆಯುತ್ತಿದ್ದ. ತೋಕು ಬಿದಿರಿನ ಚಕ್ಕೆ ತೂರಿಸಿ ಬಾಯಿ ಅಗಲಿಸಿದಳು. ಮುಂಬಲ್ಲು ಎರಡೂ ಅರ್ಧ ಮುರಿದಿದ್ದವು.

ಕಿಸಾ ನೋಡಿದಳು. ನೋಡಿದವಳು ಬಿಸಿನೀರು ತರುತ್ತೇನೆಂದು ಎದ್ದುಹೋದಳು, ನೀರು ಬೇಕಾದಷ್ಟಿತ್ತು. ಕೋಣೆಯಲ್ಲಿ ಉಳಿದವರು ಅತ್ತೆ, ತೋಕು ಮತ್ತು ಅವನು. ತೋಕುವಿನ ತಲೆ ನಾಚಿಕೆಯಿಲ್ಲದಷ್ಟು ಚುರುಕಾಗಿ ಓಡುತ್ತಿತ್ತು. ಹಳ್ಳಿಗರ ತಲೆ ಕಡಿದು ಸರದಾರನದೆಂದು ತಂದವನಿಗೆ ಈ ಕೋಟೆಯಲ್ಲಿ ಶಿಕ್ಷೆ ಒಂದೇ, ಹೊಟ್ಟೆ ಸೀಳಿಕೊಳ್ಳಬೇಕು. ಮನೆ, ಹೊಲ ಎಲ್ಲ ಹೋಗುತ್ತದೆ. ಚಿಯೊಳ ನಿಶ್ಚಿತಾರ್ಥ ಮುರಿಯುತ್ತದೆ. ಹನ್ನೊಂದು ವರ್ಷದ ಹುಡುಗಿಯನ್ನು ಬೋಳು ತಲೆ ಮಾಡಿ ಯಾವುದೋ ಮಠಕ್ಕೆ ಸೇರಿಸುತ್ತಾರೆ, ಅದೂ ಅದೃಷ್ಟವಿದ್ದರೆ. ಇಷ್ಟೆಲ್ಲ ತಪ್ಪಬೇಕಾದರೆ ತೋಕು ಮಾಡಬೇಕಾದದ್ದು ಅವಳಿಗೆ ಚೆನ್ನಾಗಿ ಬರುವ ಕೆಲಸವನ್ನೇ. ಆಗ ಅತ್ತೆ ಮೂಲೆಯಿಂದ ಕೇಳಿದರು:

"ಒಳ್ಳೆ ಮನೆತನದ ತಲೆ ಅಲ್ವೇನಮ್ಮಾ?"

ಪೊರೆಗಣ್ಣಿನ ಮುದುಕಿಗೆ ಎಲ್ಲ ಗೊತ್ತಿತ್ತು. ಆ ತಲೆಯ ನೆತ್ತಿ ಬೋಳಿಸಲು ಗಂಡನಿಗೆ ಕ್ಷೌರದ ಕತ್ತಿ ಕೊಟ್ಟವರೇ ಅವರಿರಬೇಕು. ಹೌದು ಅತ್ತೆ ಎಂದಳು ತೋಕು. ಎಂದ ಮೇಲೆ ಉಳಿದದ್ದು ಬರೀ ಕೆಲಸ. ಬೆಳ್ಳಗಿನ ನೆತ್ತಿಗೆ ಚಹಾದ ನೀರು ಹಚ್ಚಿ ಬಿಸಿಲು ಕಂಡ ಬಣ್ಣ ತಂದಳು. ಗದ್ದದ ಕೆಳಗೆ ಸೆಣಬಿನ ಹುರಿಯನ್ನು ಹಿಂದೆ ಮುಂದೆ ಎಳೆದು ಉಜ್ಜಿ, ವರ್ಷಗಟ್ಟಲೆ ಶಿರಸ್ತ್ರಾಣ ಕಟ್ಟಿದ ಗುರುತು ಮಾಡಿದಳು. ಕಿವಿಯ ಸೀಳನ್ನು ಮೇಣದಿಂದ ಮುಚ್ಚಿದಳು. ಹುಬ್ಬನ್ನು ಕಿತ್ತು ಹಣೆಯ ಮೇಲೆ ದೊಡ್ಡ ಮನೆತನದವರ ಹಾಗೆ ಮಸಿಯ ಹುಬ್ಬು ತೀಡಿದಳು. ಮುರಿದ ಹಲ್ಲುಗಳಿಗೆ ಮೇಣವನ್ನೇ ಮೆತ್ತಿ ಉದ್ದ ಮಾಡಿ, ಮೇಲೆ ಕಪ್ಪು ಬಳಿದಳು. ಡಬ್ಬಿಯ ತಳದಲ್ಲಿ ಉಳಿದಿದ್ದದ್ದು ಅವನೇ ಹೋದ ತಿಂಗಳು ಕೊಟ್ಟುಹೋದ ಪುಡಿ. ಇದು ಬೇರೆಯವರ ಪುಡಿಯ ಹಾಗಲ್ಲ ಅಮ್ಮಾವ್ರೆ, ಎಂಟು ದಿನ ಮಿಂಚ್ತದೆ ಎಂದು ಹೇಳಿ ಕೊಟ್ಟದ್ದು. ಕೆಲಸ ಮುಗಿಸಿ ಒಂದು ಮಾರು ಹಿಂದೆ ಸರಿದು ನೋಡಿದಾಗ ಅವಳೇ ಬೆಚ್ಚಿದಳು. ಬೆಟ್ಟದ ಹಾದಿಯಲ್ಲಿ ಗಂಟು ಹೊತ್ತು ತಿರುಗುತ್ತಿದ್ದ ಹರಟೆಮಲ್ಲ ಎಲ್ಲೂ ಇರಲಿಲ್ಲ. ಮೂರು ಕೋಟೆಗಳನ್ನು ಆಳಿ ಬೇಸತ್ತ ಯಾವನೋ ದೊಡ್ಡ ಮನುಷ್ಯ ಅರೆಗಣ್ಣು ಬಿಟ್ಟು ಅವಳನ್ನು ನೋಡುತ್ತಿದ್ದ. ಇಷ್ಟು ಚೆನ್ನಾಗಿ ಅವಳು ಯಾವತ್ತೂ ಮಾಡಿರಲಿಲ್ಲ. ಒಂದು ಗಳಿಗೆ ಖುಷಿಯಾಯಿತು, ನಿಜವಾಗಿ ಖುಷಿಯಾಯಿತು, ಅದಾದ ಮೇಲೆ ಅವಳು ಕೈ ಬಾಯಿಗೆ ಒತ್ತಿಕೊಂಡು ಹಿತ್ತಲ ಜಗಲಿಗೆ ಓಡಿದಳು.

ಮುದುಕ ಇವಾಕಿ ಬಂದಾಗ ಅವಳು ಬಾಯಿ ಮುಕ್ಕಳಿಸಿ, ಕೂದಲು ಸರಿ ಮಾಡಿಕೊಂಡು ಕೂತಿದ್ದಳು. ಪರೀಕ್ಷೆಗೆ ಮೊದಲು ತಲೆಗಳನ್ನು ಒಂದೊಂದಾಗಿ ನೋಡಿ ಚೀಟಿ ಕಟ್ಟುವುದು ಇವಾಕಿಯ ಕೆಲಸ. ಒಳ್ಳೆಯ ಮನುಷ್ಯ, ಅನುಮಾನದ ಮನುಷ್ಯ. ತಲೆಯ ಬಾಯಿಯೊಳಗೆ ಕೈಯಿಟ್ಟವಳು ಹೇಳಿದ ಮಾತನ್ನು ಅವನು ಗಂಡಸರ ಮಾತಿಗಿಂತ ಹೆಚ್ಚು ನಂಬುತ್ತಿದ್ದ. ಹನ್ನೊಂದನೆಯದರ ಮುಂದೆ ತುಂಬ ಹೊತ್ತು ಕುಕ್ಕರುಗಾಲಲ್ಲಿ ಕೂತ. ಯಸುನೋರಿಗೆ ಇಂಥ ಬೇಟೆ ಸಿಕ್ಕಿತೇ ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಕೇಳಿದಂತೆಯೇ ಇತ್ತು. ಕೊನೆಗೆ ತೋಕುವಿನ ಕಡೆ ತಿರುಗಿದ.

"ನಿಜ ಹೇಳಮ್ಮ. ಈ ತಲೆ ಬರೋವಾಗ್ಲೇ ಹಲ್ಲು ಕಪ್ಪಿತ್ತಾ?"

ಅವನ ಕಣ್ಣಿನಲ್ಲಿ ದುರುದ್ದೇಶವಿರಲಿಲ್ಲ. ಇಲ್ಲ ಎಂದಿದ್ದರೆ ಅವನು ನಿಟ್ಟುಸಿರು ಬಿಟ್ಟು ಎದ್ದು ಹೋಗಿ ಮಾಡಬೇಕಾದ್ದನ್ನು ಮಾಡುತ್ತಿದ್ದ. ಮೂಲೆಯಲ್ಲಿ ಅತ್ತೆಯ ಜಪಮಣಿ ನಿಂತಿತು. ತೋಕು ತನ್ನ ದನಿಯನ್ನು ತಾನೇ ಹೊರಗಿನಿಂದ ಕೇಳಿದಳು:

"ಕಪ್ಪೇ ಇತ್ತು. ಹಳೇದು. ನಾನು ಮೇಲೆ ಒಂದು ಸಲ ಬಳಿದೆ, ಅಷ್ಟೆ."

ಇವಾಕಿ ಸಮಾಧಾನದಿಂದ ಕುಂಚ ಅದ್ದಿ ಚೀಟಿಯ ಮೇಲೆ ಬರೆದ: ಹೆಸರು ತಿಳಿಯದ ಸರದಾರ, ಕರಿ ಹಲ್ಲಿನವನು. ಅದನ್ನು ಜುಟ್ಟಿಗೆ ಕಟ್ಟಿ, ತಲೆಗೆ ಕೈಮುಗಿದ. ಅವನು ಕೈಮುಗಿದದ್ದು ತೋಕುವಿಗೆ ಸಹಿಸಲಾಗಲಿಲ್ಲ. ಅವನು ಹೋದ ಮೇಲೆ ಅತ್ತೆ ಜಪಮಣಿ ಎಣಿಸುವುದನ್ನು ಮತ್ತೆ ಶುರುಮಾಡಿದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಸೊಸೆಯನ್ನು ಹೊಗಳಿದರು. ನೀನೀಗ ಈ ಮನೆಯವಳಾದೆ ಎಂದರು. ನಿನ್ನ ಕೈಗುಣ ನಿನ್ನ ಜೊತೆಗೇ ಹೋಗಬಾರದು, ನಾಳೆಯಿಂದ ಚಿಯೊನೂ ಇಲ್ಲಿ ಕೂರಲಿ, ಹನ್ನೊಂದು ವರ್ಷ ಸಣ್ಣ ವಯಸ್ಸಲ್ಲ, ಮೊದಲು ಕೂದಲು ಬಾಚಲಿ, ಆಮೇಲೆ ಹಲ್ಲು ಎಂದರು. ಹೊರಗೆ ಅಂಗಳದಲ್ಲಿ ಚಿಯೊ ಚೆಂಡನ್ನು ನೆಲಕ್ಕೆ ಬಡಿಯುತ್ತ ಸಂಖ್ಯೆ ಎಣಿಸುತ್ತಿದ್ದಳು. ಮೂವತ್ತಾರು, ಮೂವತ್ತೇಳು. ಆ ಬೆರಳುಗಳು ಬಿದಿರಿನ ಚಕ್ಕೆ ಹಿಡಿದು ದವಡೆ ಅಗಲಿಸುವುದನ್ನು ತೋಕು ಕಂಡಳು. ಮೊದಲ ದಿನ ವಾಂತಿ ಮಾಡಿಕೊಳ್ಳುತ್ತಾಳೆ. ಐದು ವರ್ಷದ ಹೊತ್ತಿಗೆ ತನ್ನ ಕೆಲಸ ನೋಡಿ ತಾನೇ ಖುಷಿಪಡುತ್ತಾಳೆ. ಗಂಡನನ್ನೂ ಅತ್ತೆಯನ್ನೂ ಬಿಟ್ಟು ತನ್ನ ಮೇಲೆಯೇ ಉಗುಳಬೇಕೆನ್ನಿಸಿತು ತೋಕುವಿಗೆ. ಬಾಯಲ್ಲಿ ನೀರಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಯಸುನೋರಿ ಬಂದ. ಬರುವ ಮೊದಲೇ ಸುದ್ದಿ ಬಂದಿತ್ತು. ದೊರೆ ತನ್ನ ಕೈಯಾರೆ ಮದ್ಯದ ಬಟ್ಟಲು ಕೊಟ್ಟನಂತೆ. ಇಂಥ ಸರದಾರನನ್ನು ಕೆಡವಿದವನು ಇಷ್ಟು ವರ್ಷ ಎಲ್ಲಿ ಅಡಗಿದ್ದ ಎಂದು ಎಲ್ಲರೆದುರು ನಕ್ಕನಂತೆ. ತಲೆಯನ್ನು ಹೆಬ್ಬಾಗಿಲ ಮುಂದೆ, ಹಲಗೆಯ ನಟ್ಟನಡುವೆ ಇಡಿಸಿದ್ದಾನಂತೆ. ಒಳಗೆ ಬಂದ ಗಂಡ ತೋಕುವಿನ ಮುಂದೆ ಚಾಪೆಗೆ ಹಣೆ ಮುಟ್ಟಿಸಿ ನಮಸ್ಕರಿಸಿದ. ಗಂಡನಾದವನು ಹೆಂಡತಿಗೆ ಹಾಗೆ ಬಾಗಿದ್ದನ್ನು ನೋಡಿ ಅವಳಿಗೆ ಮುಖ ತಿರುಗಿಸಿಕೊಳ್ಳುವಂತಾಯಿತು. ಅವನು ತಲೆ ಎತ್ತಿದಾಗ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೊಸ ಪದವಿಯ ಜೊತೆಗೆ ದೊರೆ ಇನ್ನೊಂದು ಮರ್ಯಾದೆಯನ್ನೂ ಮಾಡಿದ್ದ: ನಾಳೆ ಬೆಳಿಗ್ಗೆ ಹೊಳೆ ದಾಟುವಾಗ ಎಲ್ಲರಿಗಿಂತ ಮುಂದೆ ಇರುವ ಕುದುರೆ ಯಸುನೋರಿಯದು. ನಿಶಾನೆ ಅವನ ಬೆನ್ನಿಗೆ. ಆ ಸಾಲಿನಲ್ಲಿ ಹೋಗುವವರು ಹಲ್ಲು ಕಪ್ಪು ಮಾಡಿಕೊಂಡೇ ಹೋಗಬೇಕು, ಅದು ಆ ಪದವಿಯ ರೂಢಿ. ನಾಳೆ ತಲೆ ವೈರಿಯ ಕೈಗೆ ಸಿಕ್ಕರೂ ಮನೆತನದ ಮಾನ ಹೋಗಬಾರದಲ್ಲ.

"ನೀನು ಅಷ್ಟು ಚೆನ್ನಾಗಿ ಮಾಡಬಾರದಿತ್ತು" ಎಂದ.

ಅವನು ಸಿಟ್ಟಿನಿಂದ ಹೇಳಲಿಲ್ಲ, ದೂರು ಹೇಳುವವನ ಹಾಗೆ, ಸ್ವಲ್ಪ ಅಳುವ ದನಿಯಲ್ಲಿ ಹೇಳಿದ. ಯಾವನೋ ಕಾಲಾಳುಗಳ ಮುಖಂಡ ಎನ್ನಿಸುವಷ್ಟು ಮಾಡಿದ್ದರೆ ಸಾಕಿತ್ತು, ಬೀಗರ ಮುಂದೆ ತಲೆಯೆತ್ತಿ ಓಡಾಡುವಷ್ಟು. ಹಿಂದೆಯೇ ಮಾತು ತಾನಾಗಿ ಹರಿಯಿತು, ಅವಳು ಕೇಳಿರಲಿಲ್ಲ. ಬೆಳಗಿನ ಜಾವದ ಮಂಜಿನಲ್ಲಿ ಬೆಟ್ಟದ ತಿರುವಿನಲ್ಲಿ ಗೋಸಕು ಒಬ್ಬನೇ ಬರುತ್ತಿದ್ದನಂತೆ. ಮೊದಲು ಇವನಿಗೇ ಹೆದರಿಕೆಯಾಯಿತಂತೆ, ವೈರಿಯೇ ಇರಬೇಕು ಎಂದುಕೊಂಡನಂತೆ. ಹತ್ತಿರ ಬಂದ ಮೇಲೆ ಗೊತ್ತಾಯಿತಂತೆ. ಗೊತ್ತಾದ ಮೇಲೂ ಕೈ ನಿಲ್ಲಲಿಲ್ಲವಂತೆ.

"ಗಂಟು ಎತ್ತಿ ತೋರಿಸ್ತಿದ್ದ. ನಗ್ತಾ ಇದ್ದ ಕಣೆ. ಕೋಟೆಗೆ, ಅಮ್ಮಾವ್ರಿಗೆ ಅಂತ ಏನೋ ಹೇಳ್ತಿದ್ದ. ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ."

ನಿನಗೆ ಬೇಕಾಗುತ್ತದೆ ಎಂದು ತಂದೆ ಎನ್ನುತ್ತ ಅವನು ಅಂಗಿಯ ಒಳಗಿನಿಂದ ಒಂದು ನೀಲಿ ಬಟ್ಟೆಯ ಗಂಟನ್ನು ತೆಗೆದು ಅವಳ ಮುಂದೆ ಇಟ್ಟ. ಗಂಟನ್ನು ಎರಡು ಬಣ್ಣದ ದಾರದಲ್ಲಿ ಹೊಲಿದಿದ್ದರು. ಬಿಚ್ಚಿದರೆ ಹೊಸ ಪುಡಿ, ಬೆಣ್ಣೆಯಷ್ಟು ನುಣುಪು, ಎರಡು ಸಲ ಜರಡಿ ಹಿಡಿದದ್ದು. ಅಮ್ಮಾವ್ರು ಅವಸರ ಎಂದು ಹೇಳಿ ಕಳಿಸಿದ್ದಾರೆ ಎಂದು ಗೋಸಕುವೂ ಅವನ ಹೆಂಡತಿಯೂ ಕೂತು ಬೀಸಿದ್ದಿರಬೇಕು. ತಾನು ಕರೆಯದೆ ಇದ್ದಿದ್ದರೆ ಅವನು ಆ ದಾರಿಯಲ್ಲಿ ಬರುತ್ತಲೇ ಇರಲಿಲ್ಲ ಎಂಬ ಮಾತನ್ನು ಬೆಳಗಿನಿಂದ ಅವಳು ಮನಸ್ಸಿನ ಹೊರಗೆ ನಿಲ್ಲಿಸಿದ್ದಳು. ಈಗ ಅದು ಚಾಪೆಯ ಮೇಲೆ ಕೂತಿತ್ತು. ಬಾಯಿ ತೆರೆಯಿರಿ ಎಂದಳು ಗಂಡನಿಗೆ.

ಅವನು ತೆರೆದ. ಬೆಚ್ಚಗಿನ ಉಸಿರು, ದೊರೆ ಕೊಟ್ಟ ಮದ್ಯದ ಹುಳಿ, ಎಡದ ದವಡೆಯಲ್ಲಿ ಕೊಳೆತ ಹಲ್ಲು. ಬದುಕಿರುವವನ ಬಾಯಿ ಸತ್ತವರ ಬಾಯಿಗಿಂತ ಇಷ್ಟು ಹೊಲಸಾಗಿರುತ್ತದೆ ಎಂದು ಅವಳು ತಿಳಿದಿರಲಿಲ್ಲ. ನಾಲಗೆ ಸುಮ್ಮನಿರದೆ ಅತ್ತಿತ್ತ ಹೊರಳುತ್ತಿತ್ತು. ನಾಳೆ ಈ ಹೊತ್ತಿಗೆ ಇದೇ ಬಾಯಿ ಹೊಳೆಯಾಚೆ ಇನ್ನೊಂದು ಬೋಗುಣಿಯ ಮುಂದೆ ಇರಬಹುದು. ಅಲ್ಲಿ ತಲೆಗಳ ಮುಂದೆ ಕೂರುವುದು ತಂಗಿಯೇ. ಕಪ್ಪು ಒಂದೇ ದಿನದ್ದು ಎಂದು ಅವಳ ಬೆರಳಿಗೆ ತಕ್ಷಣ ತಿಳಿಯುತ್ತದೆ. ಇಬ್ಬರೂ ಒಬ್ಬಳೇ ಅಮ್ಮನ ಹತ್ತಿರ ಕಲಿತವರು. ಪಾಪ ಎನ್ನಿಸಬೇಕಿತ್ತು. ಅವಳು ಹುಡುಕಿದಳು, ಸಿಗಲಿಲ್ಲ. ಕಬ್ಬಿಣದ ನೀರು ಒಂದು ಸಲ, ಗೋಸಕುವಿನ ಪುಡಿ ಒಂದು ಸಲ. ಒಣಗುವವರೆಗೆ ತುಟಿ ಸೋಕಿಸಬೇಡಿ, ಮಾತಾಡಬೇಡಿ ಎಂದಳು. ಅವನು ಮಗುವಿನ ಹಾಗೆ ತಲೆಯಾಡಿಸಿ, ಬಾಯಿ ತೆರೆದುಕೊಂಡು ಕೂತ.

ಆಗ ಕಿಸಾ ಬಾಗಿಲ ಸಂದಿಯಲ್ಲಿ ಮುಖ ತೋರಿಸಿ, ಯೋನೆ ಬಂದಿದ್ದಾಳೆ ಎಂದಳು. ಕಿಸಾಳ ಕಣ್ಣು ಕೆಂಪಾಗಿತ್ತು. ಯೋನೆ ಗೋಸಕುವಿನ ಹೆಂಡತಿ. ತೋಕು ಕಾಗದದ ತಡಿಕೆಯನ್ನು ಸರಿಸಿ ಜಗಲಿಗೆ ಬಂದಳು, ಹಿಂದೆಯೇ ಎಳೆದು ಮುಚ್ಚಿದಳು. ತಡಿಕೆಯಾಚೆ ಕೂತವನಿಗೆ ಪ್ರತಿಯೊಂದು ಮಾತೂ ಕೇಳುವಷ್ಟು ಹತ್ತಿರ. ಯೋನೆ ಹಿತ್ತಲ ಅಂಗಳದಲ್ಲಿ ಒಣಹುಲ್ಲಿನ ಚಪ್ಪಲಿಯ ಮಣ್ಣು ಕೊಡವುತ್ತ ನಿಂತಿದ್ದಳು. ಗಟ್ಟಿಮುಟ್ಟಾದ, ಅಗಲ ಮುಖದ ಹೆಂಗಸು. ಅವಳಿಗೆ ಆತಂಕವೇನೂ ಇದ್ದಂತೆ ಕಾಣಲಿಲ್ಲ. ಗಂಡ ಕೋಳಿ ಕೂಗುವ ಮುಂಚೆ ಹೊರಟವನು ಇನ್ನೂ ಬಂದಿಲ್ಲ, ಎಲ್ಲಿಯೋ ಕೂತು ಕತೆ ಹೊಡೆಯುತ್ತಿರಬೇಕು, ಪುಡಿ ತಮಗೆ ತಲುಪಿತೋ ಇಲ್ಲವೋ ಕೇಳಿಹೋಗೋಣ ಎಂದು ಬಂದೆ ಎಂದಳು. ತೋಕು ತಲುಪಿತು ಎಂದಳು. ಯೋನೆಯ ಮುಖ ಅರಳಿತು.

"ಅಂಗಾದ್ರೆ ಸರಿ ಬುಡಿ. ಬರ್ತಾ ಹೆಬ್ಬಾಗ್ಲಲ್ಲಿ ನೋಡ್ದೆ ಅಮ್ಮಾವ್ರೆ. ಆ ನಡುವ್ನಾಗಿರೋ ದೊಡ್ಡೋರ ತಲೆ, ಏನ್ ಕಳೆ ಅಂತೀರಾ. ಹಲ್ಲು ನೋಡ್ತಿದ್ದಂಗೇ ಗೊತ್ತಾಯ್ತು ನಮ್ ಪುಡೀನೇ ಅಂತ. ಬ್ಯಾರೇರ್ದು ಅಂಗೆ ಮಿಂಚಾಕಿಲ್ಲ."

ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದೆ, ಕಾವಲಿನವರು ಬೈದು ಕಳಿಸಿದರು ಎಂದು ನಕ್ಕಳು. ಮನೆಗೆ ಹೋಗಿ ನಮ್ಮವರಿಗೆ ಹೇಳಬೇಕು, ಬೀಗುತ್ತಾರೆ ಎಂದಳು. ಹದಿನೈದು ವರ್ಷ ಪಕ್ಕದಲ್ಲಿ ಮಲಗಿದವನ ಮುಖ, ಅದರ ಎದುರೇ ನಿಂತು ನೋಡಿದರೂ ಹೆಂಡತಿಗೆ ಗುರುತು ಸಿಗದ ಹಾಗೆ ಅಳಿಸಿಹಾಕಿದ್ದು ಕತ್ತಿಯಲ್ಲ, ತೋಕುವಿನ ಬೆರಳು. ತಡಿಕೆಯಾಚೆ ಗಂಡ ಉಸಿರು ಬಿಗಿಹಿಡಿದಿದ್ದ. ಅವನ ಉಸಿರು ಕೇಳದೆ ಇರುವುದೇ ಕೇಳುತ್ತಿತ್ತು. ಅಂಗಳದ ಆ ಬದಿಯಲ್ಲಿ ಚಿಯೊ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಬಂದು ನಿಂತು ಇತ್ತಲೇ ನೋಡುತ್ತಿದ್ದಳು. ಹೇಳಿದರೆ ಅವಳ ತಲೆ ಬೋಳಾಗುತ್ತದೆ. ಹೇಳದಿದ್ದರೆ ನಾಳೆ ಬೋಗುಣಿಯ ಮುಂದೆ ಕೂರುತ್ತಾಳೆ. ತೋಕು ತೂಗಿ ನೋಡಲಿಲ್ಲ. ಬೆಳಗಿನಿಂದ ತೂಗಿ ತೂಗಿಯೇ ಇಲ್ಲಿಗೆ ಬಂದದ್ದು.

"ಯೋನೆ, ಅದು ಗೋಸಕು" ಎಂದಳು. "ಆ ನಡುವಿನ ತಲೆ. ನಾನೇ ತೊಳೆದೆ."

ಯೋನೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡು, ಭುಜ ಕುಲುಕಿಸುತ್ತ ನಗಲು ಶುರುಮಾಡಿದಳು. ದೊಡ್ಡ ಮನೆಯ ಅಮ್ಮಾವ್ರು ತನ್ನಂಥವಳ ಜೊತೆ ತಮಾಷೆ ಮಾಡಿದ್ದು ಅವಳಿಗೆ ಸಂತೋಷವಾಗಿತ್ತು.

"ಬುಡಿ ಅಮ್ಮಾವ್ರೆ. ನಮ್ಮೋರ್ಗೆ ಎಲ್ಲಿಂದ ಬರ್ಬೇಕು ಆ ಕಳೆ?"

ತಡಿಕೆಯಾಚೆ ಯಸುನೋರಿ ಉಸಿರು ಬಿಟ್ಟ. ಉದ್ದವಾಗಿ, ಹಾಯಾಗಿ, ಊಟ ಮುಗಿಸಿ ಎದ್ದವನ ಹಾಗೆ ಬಿಟ್ಟ. ಆ ಸದ್ದು ತೋಕುವಿನ ಕತ್ತಿನ ಹಿಂದೆ ಬೆಚ್ಚಗೆ ತಾಗಿದಂತಾಯಿತು. ಅವಳು ಜಗಲಿಯ ಮೆಟ್ಟಿಲು ಇಳಿದಳು. ಮದುವೆಯಾಗಿ ಬಂದ ಮೇಲೆ ಅವಳ ಪಾದ ಬರಿ ಮಣ್ಣು ಮುಟ್ಟಿರಲಿಲ್ಲ. ಅಂಗಳದ ಕಲ್ಲು ಚುಚ್ಚಿತು. ಕಿಸಾ ಚಪ್ಪಲಿ ಹಿಡಿದು ಓಡಿಬಂದವಳು ಅವಳ ಮುಖ ನೋಡಿ ಅಲ್ಲೇ ನಿಂತಳು. ತಡಿಕೆ ಸರ್ರೆಂದು ಸರಿಯಿತು. ಗಂಡ ಹೊಸ್ತಿಲಲ್ಲಿ ಮಂಡಿಯೂರಿ, ಎರಡೂ ಕೈ ಚಾಚಿ, ಬಳಿದ ಕಪ್ಪು ಕೆಡದ ಹಾಗೆ ಬಾಯಿಯನ್ನು ಅಗಲಿಸಿಕೊಂಡೇ ಆ, ಆ ಎನ್ನುತ್ತಿದ್ದ. ಈಗಲೂ ಅವನು ತುಟಿ ಸೇರಿಸಲಿಲ್ಲ.

ತೋಕು ಯೋನೆಯ ಕೈ ಹಿಡಿದಳು. ಒರಟು ಕೈ, ಉಗುರಿನ ಸುತ್ತ ಮಾಚಿಕಾಯಿಯ ಕಲೆ.

"ಬಾ" ಎಂದಳು. "ನಾನು ಬಳಿದದ್ದನ್ನ ನಾನೇ ತೊಳೆದು ತೋರಿಸ್ತೀನಿ."

ಚಿಯೊಳನ್ನು ದಾಟಿ, ಬಾವಿಯ ಬಳಿ ಒಂದು ಬೋಗುಣಿ ನೀರು ತುಂಬಿಸಿಕೊಂಡು, ಇಬ್ಬರೂ ಹೆಬ್ಬಾಗಿಲ ಕಡೆ ನಡೆದರು. ನೀರು ತುಳುಕಿ ತೋಕುವಿನ ರೇಷ್ಮೆಯ ಅಂಚು ಒದ್ದೆಯಾಗುತ್ತಿತ್ತು. ಯೋನೆ ಅಮ್ಮಾವ್ರ ಕೈಯಲ್ಲಿ ತನ್ನ ಕೈ ಇರುವುದಕ್ಕೆ ನಾಚಿಕೊಂಡು ಇನ್ನೂ ನಗುತ್ತಲೇ ಇದ್ದಳು.